ಸೋಮವಾರದ ಸೂಜಿ

ಕಮರಿಪೇಟೆಯ ಬಹಳ ಮಂದಿಗೆ ಫಿರದೋಸಳ ಹೆಸರು ಗೊತ್ತಿರಲಿಲ್ಲ. ಹದಿನೇಳು ವರ್ಷದಿಂದ ಔಷಧದಂಗಡಿಯ ಕೌಂಟರಿನ ಹಿಂದೆ ನಿಂತವಳನ್ನು ಎಲ್ಲರೂ ‘ಗುಳಿಗಿ ಅಕ್ಕ’ ಎಂದೇ ಕರೆಯುತ್ತಿದ್ದರು. ಅವಳಿಗೂ ಮಂದಿಯ ಹೆಸರಿಗಿಂತ ಅವರ ಕಾಯಿಲೆಯೇ ಮೊದಲು ನೆನಪಾಗುತ್ತಿತ್ತು. ದಾರಿಯಲ್ಲಿ ಯಾರಾದರೂ ಕೈಮುಗಿದರೆ, ‘ಬಿ.ಪಿ., ದಿನಕ್ಕೆ ಎರಡು ಗುಳಿಗೆ’ ಎಂದು ಮನಸ್ಸಿನಲ್ಲೇ ಅಂದುಕೊಂಡು ತಾನೂ ಕೈಮುಗಿಯುವಳು. ಅಂಗಡಿ ಸೇರುವುದಕ್ಕೆ ಮೊದಲು ಆರು ವರ್ಷ ಒಬ್ಬ ಮುದಿ ಡಾಕ್ಟರರ ಹತ್ತಿರ ಕಂಪೌಂಡರ್ ಆಗಿದ್ದಳು. ಸೂಜಿ ಹಾಕಲು ಕಲಿತದ್ದು ಅಲ್ಲಿ. ಅವಳ ಕೈಯ ಸೂಜಿ ಒಳಗೆ ಹೋದದ್ದೂ ತಿಳಿಯುವುದಿಲ್ಲ, ಹೊರಗೆ ಬಂದದ್ದೂ ತಿಳಿಯುವುದಿಲ್ಲ ಎನ್ನುತ್ತಿದ್ದರು.

ಕೊರೊನಾ ಬಂದ ವರ್ಷದ ಜುಲೈನಲ್ಲಿ ಓಣಿ ಓಣಿಯ ಬಾಯಿಗೆ ಬಿದಿರಿನ ಗಳ ಕಟ್ಟುವುದು ಶುರುವಾಯಿತು. ಒಂದು ಮನೆಯಲ್ಲಿ ಪಾಸಿಟಿವ್ ಬಂದರೆ ಇಡೀ ಓಣಿ ಬಂದ್. ಆಗಲೇ ಅಂಗಡಿಗೆ ಫೋನುಗಳು ಬರತೊಡಗಿದವು. ಇನ್ಸುಲಿನ್ ಮುಗಿದಿದೆ, ತರುವವರಿಲ್ಲ. ಇನ್ಸುಲಿನ್ ಇದೆ, ಚುಚ್ಚುವವರಿಲ್ಲ. ಚುಚ್ಚುತ್ತಿದ್ದ ಮಗಳನ್ನು ನಿನ್ನೆ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಮಾಲಕ ಶಿವಯೋಗೀಶ ಎರಡು ದಿನ ಓಡಾಡಿ ಅವಳಿಗೆ ಒಂದು ಪಾಸ್ ಮಾಡಿಸಿಕೊಟ್ಟ. ಜೊತೆಗೆ ತನ್ನದೇ ಒಂದು ಹಳೆಯ ರೇನ್‌ಕೋಟ್ ಕೊಟ್ಟು, “ಬುರ್ಖಾದ ಮ್ಯಾಲ ಇದನ್ನ ಹಾಕೋರಿ, ಸೊಳ್ಳಿನೂ ಒಳಗ ಹೋಗಂಗಿಲ್ಲ” ಎಂದ. ಆವತ್ತಿನಿಂದ ದಿನಾ ಬೆಳಿಗ್ಗೆ ಏಳಕ್ಕೆ, ಮತ್ತೆ ಸಂಜೆಗೆ ಹೊರಟು, ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಬರ್ಫು ತುಂಬಿಕೊಂಡು, ಹನ್ನೊಂದು ಮನೆ ತಿರುಗುವುದು ಅವಳ ಕೆಲಸವಾಯಿತು. ಹನ್ನೊಂದೂ ಮನೆಯಲ್ಲಿ ವಯಸ್ಸಾದವರು. ಯಾರಿಗೂ ತಮ್ಮ ಹೊಟ್ಟೆಗೆ ತಾವೇ ಚುಚ್ಚಿಕೊಳ್ಳುವ ಧೈರ್ಯವಿಲ್ಲ. ಇಬ್ಬರಿಗೆ ಕಣ್ಣೇ ಕಾಣುವುದಿಲ್ಲ.

ಅವಳ ಮನೆಯಲ್ಲಿ ಅತ್ತೆ ರೆಹಮತ್‌ಬಿಗೆ ದಮ್ಮು. ಗಂಡ ಅಜೀಮ ದುಡಿಯುತ್ತಿದ್ದ ತಾರಿಹಾಳದ ವರ್ಕ್‌ಶಾಪ್ ಬಾಗಿಲು ಹಾಕಿತ್ತು. ಅವಳು ತಿರುಗಿ ಬರುವ ಹೊತ್ತಿಗೆ ಅವನು ಹಿತ್ತಿಲಲ್ಲಿ ನೀರು ಕಾಯಿಸಿಟ್ಟಿರುತ್ತಿದ್ದ. ಮಿಂದು ಬಟ್ಟೆ ಬದಲಿಸುವ ತನಕ ಅವಳು ಹೊಸ್ತಿಲು ದಾಟುವಂತಿರಲಿಲ್ಲ. “ನಿನ್ನ ಕಾಲಾಗ ನನ್ನ ಅವ್ವಗ ಏನರೆ ಆತಂದ್ರ…” ಎಂದು ಒಮ್ಮೆ ಶುರು ಮಾಡಿದವನು ಮಾತು ಮುಗಿಸಿರಲಿಲ್ಲ. ಮುಗಿಸದೆ ಬಿಟ್ಟ ಆ ಮಾತು ಫಿರದೋಸಳ ಜೊತೆಗೆ ಮನೆ ಮನೆ ತಿರುಗುತ್ತಿತ್ತು.

ಪಟ್ಟಿಗೆ ಹನ್ನೊಂದನೆಯವಳಾಗಿ ಕೊನೆಗೆ ಸೇರಿದರೂ ದಾರಿಯಲ್ಲಿ ಮೊದಲು ಸಿಗುವ ಮನೆ ಮುರಿಗೆವ್ವಳದು. ವಯಸ್ಸು ಎಪ್ಪತ್ತೆಂಟು. ಮಗ ಶಂಭುಲಿಂಗ ಅಮರಗೋಳದ ಮಾರ್ಕೆಟ್ಟಿನಲ್ಲಿ ಕಾಳಿನ ವ್ಯಾಪಾರಿ. ಅವನಿಗೂ ಸೊಸೆ ರಜನಿಗೂ ಪಾಸಿಟಿವ್ ಬಂದು, ಬುಧವಾರ ಇಬ್ಬರನ್ನೂ ಕೋವಿಡ್ ಕೇಂದ್ರಕ್ಕೆ ಒಯ್ದರು. ಮುರಿಗೆವ್ವಳಿಗೆ ನೆಗೆಟಿವ್. ಓಣಿಗೆ ಗಳ ಬಿತ್ತು, ಮುದುಕಿ ಒಳಗೆ ಒಬ್ಬಳೇ ಉಳಿದಳು. ರಜನಿ ಆಂಬುಲೆನ್ಸಿನಲ್ಲಿ ಕೂತೇ ಫೋನ್ ಮಾಡಿದ್ದಳು. “ಅಕ್ಕಾರ, ಮುಂಜಾನೆ ಇಪ್ಪತ್ತನಾಲ್ಕು ಯೂನಿಟ್ಟು, ಸಂಜಿಗಿ ಹದಿನಾಲ್ಕು. ಅಡಗಿ ಅವರೇ ಮಾಡ್ಕೋತಾರ. ಸೂಜಿ ಅಷ್ಟ ನಿಮ್ಮ ಕೈಯಾಗ.”

ಗುರುವಾರದಿಂದ ನಾಲ್ಕು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಫಿರದೋಸ ಏಳೂವರೆಗೆ ಬರುವಳು. ಅಷ್ಟರಲ್ಲಿ ಮುರಿಗೆವ್ವ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಕಟ್ಟೆಯ ಮೇಲೆ ಕೂತಿರುವಳು. ಸೂಜಿ ಹಾಕಿ ಅರ್ಧ ತಾಸಿನೊಳಗೆ ಹೊಟ್ಟೆಗೆ ಅನ್ನವೋ ರೊಟ್ಟಿಯೋ ಬೀಳಬೇಕು. ಆ ಔಷಧದ ಗುಣವೇ ಅಂಥದು; ಉಣ್ಣದೆ ಕೂತವರ ಮೈಯಲ್ಲಿದ್ದ ಸಕ್ಕರೆಯನ್ನೂ ಅದು ತಿಂದುಹಾಕುತ್ತದೆ. ಅದಕ್ಕೆ ಫಿರದೋಸ ಎಲ್ಲ ಮನೆಯಲ್ಲೂ ಒಂದು ಪ್ರಶ್ನೆ ಕೇಳಿಯೇ ಸೂಜಿ ತೆಗೆಯುತ್ತಿದ್ದಳು. ಕೆಲವು ಮನೆಗಳಲ್ಲಿ ‘ನಮಾಜ್ ಆತೇನ್ರಿ’, ಕೆಲವು ಮನೆಗಳಲ್ಲಿ ‘ಪೂಜಾ ಆತೇನ್ರಿ’. ಅದು ಮುಗಿದಿದ್ದರೆ ಮುಂದಿನದು ತಾಟು ಎಂದೇ ಅವಳ ಲೆಕ್ಕ.

ಐದನೆಯ ದಿನ ಸೋಮವಾರ. ಅದೂ ಶ್ರಾವಣದ ಮೊದಲ ಸೋಮವಾರ. ಜಿಟಿಜಿಟಿ ಮಳೆ. ಈ ಮನೆಗಳಲ್ಲಿ ಶ್ರಾವಣ ಸೋಮವಾರ ಒಪ್ಪತ್ತು ಇರುತ್ತಾರೆ, ಸಂಜೆಯ ತನಕ ಊಟ ಮಾಡುವುದಿಲ್ಲ ಎಂಬುದು ಫಿರದೋಸಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅದಕ್ಕೇ ಬರುತ್ತಲೇ ಕೇಳಿದಳು.

“ಅಮ್ಮಾರ, ಒಪ್ಪತ್ತು ಗಿಪ್ಪತ್ತು ಅಂತ ಕುಂತೀರಿ ಮತ್ತ. ಹಂಗಿದ್ರ ನಾ ಸೂಜಿ ಹಾಕಾಂಗಿಲ್ಲ.”

“ಅದನ್ನ ಬಿಟ್ಟ ಏಳ ವರ್ಷ ಆತವಾ. ಆ ಡಾಕ್ಟರ ಹಂಗ ಬೈದ ಮ್ಯಾಲ ಶಿವನೂ ಸುಮ್ಮನಾದ.”

“ಪೂಜಾ ಆತೇನ್ರಿ?”

“ಆರಕ್ಕ ಆತು. ಬಗ್ಗಿ ನೋಡು, ಉಪ್ಪಿಟ್ಟ ಮಾಡಿ ಮುಚ್ಚಿಟ್ಟೇನಿ.”

ಫಿರದೋಸ ಬಾಗಿಲಲ್ಲಿ ನಿಂತೇ ಬಗ್ಗಿ ನೋಡಿದಳು. ಒಲೆಯ ಪಕ್ಕದಲ್ಲಿ ಮುಚ್ಚಿದ ಬೋಗುಣಿ, ಅದರ ಮೇಲೊಂದು ತಾಟು. “ಎಂಟೂಕಾಲರೊಳಗ ತಿನ್ನಬೇಕ್ರಿ.”

“ಎಂಟಕ್ಕ ತಿಂತೇನಿ. ಗಡಿಯಾರ ನನಗೂ ಓದಾಕ ಬರ್ತೈತಿ.”

ಸೂಜಿ ಹಾಕಿದಾಗ ಏಳು ನಲವತ್ತು. ಫಿರದೋಸ ಗಳ ದಾಟಿ ಹೋಗಿ ಆಚೆಯ ಓಣಿಗಳನ್ನು ಹಿಡಿದಳು.

ಏಳು ಮನೆ ಮುಗಿಸಿ ಅದೇ ಓಣಿಯ ಬಾಯಿಗೆ ಅವಳು ಮತ್ತೆ ಬಂದಾಗ ಒಂಬತ್ತೂವರೆ. ಅಲ್ಲಿಂದ ಎಡಕ್ಕೆ ಹೊರಳಿದರೆ ಇನ್ನು ಮೂರು ಮನೆ. ಬಾಗಿಲು ಹಾಕಿದ ಒಂದು ಅಂಗಡಿಯ ಮೆಟ್ಟಿಲ ಮೇಲೆ, ತಗಡಿನ ಕೆಳಗೆ, ಕಾವಿ ಪಂಚೆಯ ಒಬ್ಬ ಮುದುಕ ಕೂತಿದ್ದ. ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಬೆತ್ತ, ಮೂಗಿನ ಕೆಳಗೆ ಇಳಿದ ಬಟ್ಟೆಯ ಮಾಸ್ಕು. ಆ ಪೇಟೆಯ ಶರಣರ ಮನೆಗಳಿಗೆ ಭಿಕ್ಷೆಗೆ ಬರುವ ಜಂಗಮ ಗುರುಬಸವಯ್ಯ. ಅಂಗಡಿಯಲ್ಲಿ ಮೊಣಕಾಲು ನೋವಿನ ಎಣ್ಣೆ ಒಯ್ಯುವವರು ಎಂದು ಫಿರದೋಸ ಗುರುತು ಹಿಡಿದಳು.

“ತಂಗೀ, ನಿನ್ನನ್ನ ಒಳಗ ಬಿಡ್ತಾರಲ್ಲ?” ಎಂದು ಅಯ್ಯ ಕೇಳಿದರು. “ಮುರಿಗೆವ್ವಗ ಒಂದ ಮಾತ ಮುಟ್ಟಿಸು. ಎಂಟಕ್ಕ ಬಂದ ಕುಂತೇನಿ, ಈ ಪೊಲೀಸಪ್ಪ ಬಿಡವಲ್ಲ. ಇವತ್ತ ನಾ ಬರೂದಿಲ್ಲ ಅಂತ ಹೇಳು. ಪಾಪ, ಆಕಿ ಕಾಯಕೋತ ಕುಂತಿರತಾಳ.”

“ಯಾಕ ಕಾಯ್ತಾರ್ರಿ?”

“ಶ್ರಾವಣ ಸೋಮಾರ ಅಲ್ಲೇನು. ನನ್ನ ಜೋಳಗ್ಯಾಗ ಭಿಕ್ಷಾ ನೀಡಲಾರದ ಆಕಿ ಬಾಯಿಗಿ ಒಂದ ಹನಿ ನೀರ ಹಾಕಾಂಗಿಲ್ಲ. ಮದಿವ್ಯಾಗಿ ಬಂದಾಗಿಂದ ಹಿಡದ ನೇಮ. ನಾನೂ ತಪ್ಪಸಿಲ್ಲ, ಆಕಿನೂ ತಪ್ಪಸಿಲ್ಲ.”

ಫಿರದೋಸ ಗಡಿಯಾರ ನೋಡಿದಳು. ಏಳು ನಲವತ್ತರಿಂದ ಒಂಬತ್ತೂವರೆ. ಇಪ್ಪತ್ತನಾಲ್ಕು ಯೂನಿಟ್ಟು. ಬರಿಹೊಟ್ಟೆ.

ಕೈಗವಸು ಕಿತ್ತು ಫೋನ್ ಹಚ್ಚಿದಳು. ಮುರಿಗೆವ್ವಳ ಮೊಬೈಲು ಹತ್ತು ಹನ್ನೆರಡು ಸಲ ಬಡಿದುಕೊಂಡು ನಿಂತಿತು. ಮತ್ತೆ ಹಚ್ಚಿದಳು. ಮತ್ತೆ ಹಾಗೆಯೇ. ರಜನಿಗೆ ಹಚ್ಚಿದಳು.

“ರಜನಿ, ಇವತ್ತ ಅಯ್ಯಾರು ಬರಲಿಲ್ಲ ಅಂದ್ರ ನಿಮ್ಮ ಅತ್ತಿ ಉಣ್ಣಾಂಗಿಲ್ಲೇನು?”

ಆ ಕಡೆ ಕೆಮ್ಮು. “ಅಯ್ಯ ಶಿವನ! ಶ್ರಾವಣ ಸೋಮವಾರ ನಾನು ಅಯ್ಯಾರು ಬಂದು ಹೋದ ಮ್ಯಾಲೇ ಸೂಜಿ ಹಾಕತಿದ್ದೆ. ಅದನ್ನ ನಿಮಗ ಹೇಳೂದ ಮರತೆ. ಅಕ್ಕಾರ, ಹಾಕಿಬಿಟ್ಟೀರೇನು?”

ಫಿರದೋಸ ಫೋನನ್ನು ಚೀಲಕ್ಕೆ ತುರುಕಿದಳು. ಗಳದತ್ತ ಓಡಿದಳು. ಅಯ್ಯ ಬೆತ್ತ ಊರಿ ಎದ್ದು ಅವಳ ಹಿಂದೆಯೇ ಬಂದರು. ಕಾನ್‌ಸ್ಟೇಬಲ್ ಅಡ್ಡ ಕೈ ಹಿಡಿದ.

“ಅಯ್ಯಾರ, ಮತ್ತ ಅದ ಹಾಡು ಹಚ್ಚಬ್ಯಾಡ್ರಿ. ಪಾಸ್ ಇಲ್ಲಂದ್ರ ಇಲ್ಲ.”

“ಸಾಹೇಬ್ರ, ಒಳಗ ಒಬ್ಬ ಅಮ್ಮಾರು ಸಾಯೂಹಂಗ ಅದಾರ. ಇವರು ಬಂದ್ರ ಉಣ್ತಾರ. ಐದ ನಿಮಿಷ ಬಿಡ್ರಿ.”

“ಒಂದೊಪ್ಪತ್ತು ಉಪಾಸ ಬಿದ್ರ ಯಾರ ಸಾಯ್ತಾರವಾ? ಇವರಿಗೂ ಎಪ್ಪತ್ತ ದಾಟೈತಿ. ಒಳಗ ಹೋಗಿ ಹಚ್ಚಿಕೊಂಡು ಬಂದು, ನಾಳಿ ಮನಿ ಮನಿಗಿ ಹಂಚಿಕೋತ ಹೋದ್ರ ನನ್ನ ನೌಕರಿ ನೀ ಉಳಸ್ತಿಯೇನು?”

ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಆ ಓಣಿಯಲ್ಲಿ ಆಗಲೇ ಮೂರು ಮನೆ ಪಾಸಿಟಿವ್. ವಾದಕ್ಕೆ ನಿಂತರೆ ಹೋಗುವುದು ಮುರಿಗೆವ್ವಳ ನಿಮಿಷಗಳು. ಫಿರದೋಸ ಗಳದ ಕೆಳಗೆ ನುಸುಳಿದಳು. ಹಿಂದಿನಿಂದ ಅಯ್ಯ ಕೂಗಿದರು, “ಏ ತಂಗೀ, ನಿಂದರು. ನೀ ಹೇಳಿದ್ರ ಕೇಳಾಕಿ ಅಲ್ಲ ಆಕಿ. ಇದನ್ನ ಒಯ್ಯಿ.” ಗಳದ ಮೇಲಿಂದ ಜೋಳಿಗೆ ಚಾಚಿದ್ದರು.

ಫಿರದೋಸಳ ಕೈ ಅರ್ಧಕ್ಕೆ ನಿಂತಿತು. “ನಾ… ನಾ ಮುಟ್ಟಬಹುದೇನ್ರಿ, ಅಯ್ಯಾರ?”

“ಸೂಜಿ ಹಿಡಿಯೂ ಕೈ ಜೋಳಗಿ ಹಿಡೀಲಾರದೇನು? ಓಡು!”

ಅವಳು ಓಡಿದಳು. ನಲವತ್ತನಾಲ್ಕರ ಮೈ, ಮೊಳಕಾಲು ತನಕ ಸುತ್ತಿಕೊಳ್ಳುವ ರೇನ್‌ಕೋಟು, ಹಾಸುಗಲ್ಲಿನ ಮೇಲೆ ಮಳೆಯ ಜಾರು. ಮಾಸ್ಕಿನೊಳಗೆ ಉಸಿರು ಬಿಸಿಯಾಗಿ ತಿರುಗಿ ಬಡಿಯುತ್ತಿತ್ತು. ಒಂದು ಹೆಗಲಲ್ಲಿ ಫ್ಲಾಸ್ಕಿನ ಚೀಲ, ಇನ್ನೊಂದರಲ್ಲಿ ವಿಭೂತಿಯ ವಾಸನೆಯ ಜೋಳಿಗೆ. ಎರಡೂ ಬೇರೆ ಬೇರೆ ತಾಳದಲ್ಲಿ ಪಕ್ಕೆಗೆ ಬಡಿಯುತ್ತಿದ್ದವು. ಅರ್ಧ ಓಣಿಯಲ್ಲಿ ಮಾಳಿಗೆಯ ಕಿಟಕಿಯೊಂದರಿಂದ ನಾಗರತ್ನಾ ಬಗ್ಗಿದಳು. ಮುರಿಗೆವ್ವಳ ಎದುರು ಮನೆಯವಳು, ತಾನೂ ಕ್ವಾರಂಟೈನಿನಲ್ಲಿದ್ದವಳು.

“ಗುಳಿಗಿ ಅಕ್ಕಾರ, ಏನಾತ್ರಿ?”

“ಅಮ್ಮಾರ್ನ ನೋಡಿದ್ರೇನು?”

“ಆಗಿಂದ ಕಟ್ಟಿ ಮ್ಯಾಲ ಕುಂತಾರ್ರಿ. ಮಾತಾಡಸಿದೆ, ಮಾತಾಡಲಿಲ್ಲ. ನಿದ್ದಿ ಹತ್ತೈತಿ ಅಂತ ಸುಮ್ಮನಾದೆ.”

ನಿದ್ದೆಯ ಮಾತು ಕೇಳಿದ್ದೇ ಫಿರದೋಸ ಎದುರಿನ ಕಟ್ಟೆಗೆ ಧಾವಿಸಿದಳು.

ಬಾಗಿಲು ಹಾರು ಹೊಡೆದಿತ್ತು. ಅಯ್ಯ ಬರುವ ದಿನ ಬಾಗಿಲು ಮುಚ್ಚುವ ಪದ್ಧತಿ ಆ ಮನೆಯಲ್ಲಿಲ್ಲ. ಮುರಿಗೆವ್ವ ಕಂಬಕ್ಕೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಹಿತ್ತಾಳೆಯ ಸೇರು, ಅದರ ತುಂಬ ಬಿಳಿಜೋಳ. ಎರಡೂ ಕೈ ಅದನ್ನು ತಬ್ಬಿದ್ದವು. ಮಳೆಯ ತಂಪಿನಲ್ಲೂ ಮುಖದ ಮೇಲೆ ಬೆವರು. ವಿಭೂತಿ ಕರಗಿ ಹುಬ್ಬಿಗಿಳಿದಿತ್ತು. ಮೊಬೈಲು ಪಕ್ಕದಲ್ಲೇ ಬಿದ್ದಿತ್ತು.

“ಅಮ್ಮಾರ! ಅಮ್ಮಾರ!”

ಕಣ್ಣು ತೆರೆದಳು. ಯಾರನ್ನೂ ನೋಡದ ಕಣ್ಣು.

ಫಿರದೋಸ ಬೆರಳು ಚುಚ್ಚಿ ರಕ್ತದ ಹನಿಯನ್ನು ಮಿಷನ್ನಿಗೆ ಹಚ್ಚಿದಳು. ಐದು ಸೆಕೆಂಡು. ನಲವತ್ತಮೂರು. ಎಪ್ಪತ್ತರ ಕೆಳಗೆ ಬಂದರೇ ಗಂಡಾಂತರ ಎಂದು ಅವಳ ಮುದಿ ಡಾಕ್ಟರು ಹೇಳಿಕೊಟ್ಟಿದ್ದರು. ಇನ್ನು ಹತ್ತು ಇಪ್ಪತ್ತು ಇಳಿದರೆ ಈ ಕಣ್ಣು ಮತ್ತೆ ತೆರೆಯದೆಯೂ ಇರಬಹುದು. ಚೀಲದಿಂದ ಗ್ಲೂಕೋಸಿನ ಪುಡಿ ತೆಗೆದು ತನ್ನ ನೀರಿನ ಬಾಟಲಿಗೆ ಸುರುವಿ ಅಲುಗಾಡಿಸಿ, ಮುದುಕಿಯ ತುಟಿಗೆ ಹಿಡಿದಳು.

ಮುರಿಗೆವ್ವ ಮುಖ ತಿರುಗಿಸಿದಳು. ನಾಲಗೆ ತೊದಲುತ್ತಿತ್ತು. “ಅಯ್ಯಾರ… ಬಂದಿಲ್ಲ.”

“ಬರ್ತಾರ್ರಿ. ಮೊದಲ ಇದನ್ನ ಕುಡೀರಿ.”

“ಊಂಹೂಂ.”

“ಅಮ್ಮಾರ, ನಿಮ್ಮ ಕಾಲ ಬೀಳ್ತೇನಿ. ಕುಡೀಲಿಲ್ಲಂದ್ರ ಉಳಿಯೂದಿಲ್ಲ ನೀವು!”

ಎಲ್ಲಿಂದ ಬಂತೋ ಅಷ್ಟು ಬಲ, ಮುದುಕಿ ಕೈ ಬೀಸಿದಳು. ಬಾಟಲಿಯ ಅರ್ಧ ನೀರು ಫಿರದೋಸಳ ಎದೆಯ ಮೇಲೆ ಚೆಲ್ಲಿತು. ಮುದುಕಿಯ ಹಲ್ಲು ಕಚ್ಚಿಕೊಂಡವು. ಸಕ್ಕರೆ ಇಳಿದವರು ಹೀಗೇ ಹಟ ಮಾಡುತ್ತಾರೆ, ಅದು ಅವರ ಹಟವಲ್ಲ, ರೋಗದ್ದು ಎಂದು ಅವಳಿಗೆ ಗೊತ್ತಿತ್ತು. ಆದರೆ ಈ ಹಟದಲ್ಲಿ ರೋಗದ್ದೆಷ್ಟು, ಐವತ್ತು ವರ್ಷ ಮೀರಿದ ನೇಮದ್ದೆಷ್ಟು ಎಂದು ತೂಗುವ ಹೊತ್ತು ಅದಲ್ಲ. ದವಡೆ ಹಿಡಿದು ಸುರುವಿಬಿಡಲೇ ಎಂದು ಕೈ ಮುಂದೆ ಹೋಯಿತು. ಡಾಕ್ಟರರ ಇನ್ನೊಂದು ಪಾಠ ಅದನ್ನು ತಡೆಯಿತು: ಕಚ್ಚಿದ ಬಾಯಿಗೆ ನೀರು ಹಾಕಿದರೆ ಹೋಗುವುದು ಹೊಟ್ಟೆಗಲ್ಲ, ಪುಪ್ಪುಸಕ್ಕೆ.

ಹೆಗಲಿನ ಜೋಳಿಗೆಯನ್ನು ಇಳಿಸಿ ಮುರಿಗೆವ್ವಳ ಮುಖದ ಮುಂದೆ ಹಿಡಿದಳು.

“ಇಲ್ಲಿ ನೋಡ್ರಿ. ಅಯ್ಯಾರ ಜೋಳಗಿ. ಅವರ ಕೊಟ್ಟ ಕಳಿಸ್ಯಾರ. ಗಳದ ಹತ್ರ ನಿಂತಾರ, ಪೊಲೀಸರು ಬಿಡವಲ್ರು. ನೀಡ್ರಿ ಇದರಾಗ.”

ಮುದುಕಿಯ ಮೂಗು ಒಮ್ಮೆ ಅರಳಿತು. ಒಂದು ಕೈ ಸೇರನ್ನು ಬಿಟ್ಟು ಬಟ್ಟೆಯನ್ನು ಮುಟ್ಟಿತು, ಅಂಚನ್ನು ತಡವಿತು, ಗಂಟನ್ನು ತಡವಿತು. ಮುರಿಗೆವ್ವ ಸೇರನ್ನು ಎತ್ತಲು ಹೋದಳು. ಆಗಲಿಲ್ಲ. ಕೈ ನಡುಗಿ ಒಂದು ಹಿಡಿ ಜೋಳ ಕಟ್ಟೆಯ ಮೇಲೆ ಚೆಲ್ಲಿ ಮಳೆಯ ನೀರಿಗೆ ಉರುಳಿತು. ಫಿರದೋಸ ಒಂದು ಕೈಯಲ್ಲಿ ಜೋಳಿಗೆಯ ಬಾಯಿ ಅಗಲಿಸಿ, ಇನ್ನೊಂದನ್ನು ಸೇರಿನ ತಳಕ್ಕೆ ಕೊಟ್ಟಳು. ಇಬ್ಬರೂ ಸೇರಿ ಎತ್ತಿದರು. ಭಿಕ್ಷೆ ಇಸಿದುಕೊಳ್ಳುವಾಗ ಅಯ್ಯ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಏನಾದರೂ ಅನ್ನಬೇಕು ಎನಿಸಿತು. ಅನ್ನದ ಮುಂದೆ ಬಾಯಿಗೆ ಬರುವ ಮಾತೇ ಬಂತು. “ಬಿಸ್ಮಿಲ್ಲಾ” ಎಂದಳು, ಮೆಲ್ಲಗೆ. ಜೋಳ ಸುರಿಯಿತು.

ಮುರಿಗೆವ್ವ ಜೋಳಿಗೆಯ ಕಡೆಗೆ ಕೈಜೋಡಿಸಲು ನೋಡಿದಳು. ಬೆರಳುಗಳು ಒಂದಕ್ಕೊಂದು ಸಿಗಲಿಲ್ಲ. ಆಮೇಲೆ ಬಾಯಿ ತೆರೆದಳು.

ಉಳಿದ ಅರ್ಧ ಬಾಟಲಿಯನ್ನು ಫಿರದೋಸ ಗುಟುಕು ಗುಟುಕಾಗಿ ಕುಡಿಸಿದಳು. ಪ್ರತಿ ಗುಟುಕಿಗೂ ಗಂಟಲು ಏಳುವುದನ್ನು ನೋಡಿ ಮುಂದಿನದು. ಎದುರಿನ ಕಿಟಕಿಯಲ್ಲಿ ನಾಗರತ್ನಾ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಹದಿನೈದು ನಿಮಿಷ ಕಾಯಬೇಕು. ಆ ಹದಿನೈದು ನಿಮಿಷ ಫಿರದೋಸ ಮುದುಕಿಯ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು ಕೂತಳು. ಆರು ಅಡಿ ಅಂತರವಿರಲಿ ಎಂದು ಪಾಸಿನ ಹಿಂದೆ ಅಚ್ಚಾಗಿತ್ತು. ಅಜೀಮ ಮುಗಿಸದೆ ಬಿಟ್ಟ ಮಾತನ್ನು ಈಗ ಅವಳೇ ಮನಸ್ಸಿನಲ್ಲಿ ಮುಗಿಸಿದಳು. ಆದರೂ ಭುಜ ಸರಿಸಲಿಲ್ಲ.

ಮತ್ತೆ ಬೆರಳು ಚುಚ್ಚಿದಳು. ಅರವತ್ತೊಂದು.

ಒಳಗೆ ಹೋಗಿ ಬೋಗುಣಿ ತಂದಳು. ಆ ಅಡುಗೆಮನೆಗೆ ತಾನು ಕಾಲಿಟ್ಟದ್ದು ಹೊರಗೆ ಬಂದ ಮೇಲೆಯೇ ಅವಳ ಗಮನಕ್ಕೆ ಬಂತು. ತಣ್ಣಗಾದ ಉಪ್ಪಿಟ್ಟನ್ನು ತುತ್ತು ಮಾಡಿ ಬಾಯಿಗಿಟ್ಟಳು. ನಾಲ್ಕನೆಯ ತುತ್ತಿಗೆ ಮುರಿಗೆವ್ವಳ ಕಣ್ಣಿಗೆ ನೋಟ ಮರಳಿತು. ಎಂಟನೆಯದಕ್ಕೆ ಮಾತು ಮರಳಿತು.

“ಇದರಾಗ ಉಪ್ಪ ಕಮ್ಮಿ ಬಿದ್ದೈತಿ” ಎಂದಳು.

ಫಿರದೋಸಳಿಗೆ ನಗು ಬರಲಿಲ್ಲ. ಸಿಟ್ಟು ಬಂತು. “ಎಂಟಕ್ಕ ತಿಂತೇನಿ ಅಂದ್ರಿ. ಅಯ್ಯಾರು ಬರೂತನಕ ಉಣ್ಣಾಂಗಿಲ್ಲ ಅಂತ ಒಂದ ಮಾತ ಹೇಳಿದ್ರ ನಿಮ್ಮ ಗಂಟ ಏನ ಹೋಗತಿತ್ತು?”

“ನೀ ಕೇಳಿದ್ದು ಒಪ್ಪತ್ತಿಂದು. ಅದಕ್ಕ ಖರೇನ ಹೇಳಿದೆ. ಅಯ್ಯಾರು ಎಂಟಕ್ಕ ಬರ್ತಾರ, ಎಂಟಕ್ಕ ತಿಂತೇನಿ ಅಂದೆ.”

“ಓಣಿಗಿ ಗಳ ಕಟ್ಯಾರಲ್ರಿ!”

“ಗಳ ಮಂದಿಗೆವ್ವಾ. ಅಯ್ಯಾರ್ನ ತಡಿಯಾಂವ ಯಾಂವ ಹುಟ್ಯಾನ ಅಂದಿದ್ದೆ.”

“ಹುಟ್ಯಾನ್ರಿ. ಗಳದ ಹತ್ರ ಲಾಠಿ ಹಿಡಕೊಂಡ ನಿಂತಾನ.”

ಮುರಿಗೆವ್ವ ಖಾಲಿ ಸೇರಿನ ಕಡೆ ನೋಡಿದಳು. “ಹಂಗಾದ್ರ ಅಯ್ಯಾರು ಇನ್ನೂ ಉಂಡಿಲ್ಲ. ಲಗೂ ಹೋಗಿ ಮುಟ್ಟಿಸು” ಎಂದಳು. ಸತ್ತು ಬದುಕಿದ್ದು ತಾನು ಎಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಹತ್ತೂ ಇಪ್ಪತ್ತಕ್ಕೆ ಮಿಷನ್ನು ತೊಂಬತ್ತಾರು ತೋರಿಸಿತು. ಇನ್ನೊಂದು ತಾಸಿಗೆ ಎರಡು ರೊಟ್ಟಿ ತಿನ್ನಬೇಕು, ತಿನ್ನುವಾಗ ಕಿಟಕಿಯಿಂದ ನಾಗರತ್ನಾ ನೋಡಬೇಕು, ನೋಡಿ ತನಗೆ ಫೋನ್ ಮಾಡಬೇಕು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡು ಫಿರದೋಸ ಎದ್ದಳು. ಗಳದ ಹತ್ತಿರ ಅಯ್ಯ ಮಳೆಯಲ್ಲೇ ನಿಂತಿದ್ದರು. ಜೋಳಿಗೆಯ ಭಾರ ನೋಡಿ ಅವರಿಗೆ ಉತ್ತರ ಸಿಕ್ಕಿತು; ಏನೂ ಕೇಳದೆ ಹೆಗಲಿಗೇರಿಸಿದರು. ಕಾನ್‌ಸ್ಟೇಬಲ್ ಕೇಳಿದ, “ಉಳಿದ್ರೇನ್ರಿ?”

“ಉಳಿದ್ರು.”

“ಮುಂದಿನ ಸೋಮವಾರ ನಾ ಡ್ಯೂಟಿ ಮ್ಯಾಲ ಇರೂದಿಲ್ಲ. ಬರಾಂವಗ ಅಯ್ಯಾರ ಸುದ್ದಿ ಹೇಳಿ ಹೋಗ್ತೇನಿ” ಎಂದ ಅವನು, ಬೇರೆ ಕಡೆ ನೋಡುತ್ತ.

ಮೂರು ಮನೆ ಬಾಕಿ ಇತ್ತು. ಫ್ಲಾಸ್ಕಿನ ಬರ್ಫು ಅರ್ಧ ಕರಗಿತ್ತು. ಮೊದಲನೆಯ ಮನೆ ಯಜ್ಞೇಶ್ವರರದು. ರೈಲ್ವೆಯಿಂದ ರಿಟಾಯರ್ ಆದವರು, ಒಂದು ನಿಮಿಷ ಹೆಚ್ಚುಕಡಿಮೆಯಾದರೆ ಸಹಿಸದವರು. ಗೇಟಿನಲ್ಲೇ ಗಡಿಯಾರ ತೋರಿಸಿದರು.

“ಬಾಯಿ, ಒಂಬತ್ತೂ ಮುಕ್ಕಾಲಿನ ಗಾಡಿ ಹತ್ತೂವರೆಗೆ ಬಂತಲ್ಲ. ತೊಗೊಳ್ಳಿ, ಲಗೂ ಚುಚ್ಚಿರಿ. ನನ್ನ ಪೂಜಾ ಯಾವಾಗೋ ಆಗ್ಯದ.”

ಫಿರದೋಸ ಚೀಲ ಬಿಚ್ಚಲಿಲ್ಲ. “ಪೂಜಾ ಆದ ಮ್ಯಾಲ, ಉಣ್ಣೂದಕ್ಕಿಂತ ಮೊದಲ, ನೀವು ಯಾರ ದಾರಿ ಕಾಯ್ತೀರಿ?”

“ಅಂದ್ರ?”

“ಯಾರರೆ ಬರಬೇಕೇನ್ರಿ? ಆಕಳಿಗಿ ಇಡಬೇಕೇನು, ಕಾಗಿಗಿ ಇಡಬೇಕೇನು, ಮಗನ ಫೋನ್ ಬರಬೇಕೇನು?”

“ಏನಾಗ್ಯದ ಇವತ್ತು ನಿಮಗ?”

“ತಾಟ ಹಚಗೊಂಡು ಬಂದು ನನ್ನ ಮುಂದ ಇಟಗೋರಿ. ಆಮ್ಯಾಲ ಸೂಜಿ. ನೀವು ತಿಂದು ಮುಗಿಸೂತನಕ ನಾ ಹೋಗಾಂಗಿಲ್ಲ.”

“ನೀವೇನು ಪೊಲೀಸರೇನು?” ಎಂದು ಗೊಣಗುತ್ತ ಅವರು ಒಳಗೆ ಹೋದರು. ಪಾತ್ರೆಯ ಸದ್ದು ಕೇಳಿತು. ಫಿರದೋಸ ಜಗುಲಿಯ ಅಂಚಿಗೆ ಕೂತು ಫ್ಲಾಸ್ಕಿನಿಂದ ಔಷಧ ತೆಗೆದಳು, ಸೂಜಿ ತೆಗೆದಳು. ಇಪ್ಪತ್ತಮೂರು ವರ್ಷದಲ್ಲಿ ಸೂಜಿ ತೆಗೆದ ಮೇಲೆ ಅವಳು ಹೀಗೆ ಕಾದದ್ದಿಲ್ಲ. ಸೂಜಿಯ ಮುಚ್ಚಳ ತೆಗೆಯದೆ ತೊಡೆಯ ಮೇಲಿಟ್ಟು, ತಾಟು ಹೊರಗೆ ಬರುವುದನ್ನು ಕಾಯುತ್ತ ಕೂತಳು.